ಹಲವು ಬ್ಯಾಕ್ಟೀರಿಯಾಗಳಿಗೆ ತಗಲುವ ಫೇಜ್‌ಗಳು: ಹುಡುಕುವುದು, ಶುದ್ಧಗೊಳಿಸುವುದು, ಖಚಿತಪಡಿಸುವುದು (ಪದೇ ಪದೇ ಕೇಳುವ ಪ್ರಶ್ನೆಗಳು)

ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್ಸೇ ಬ್ಯಾಕ್ಟೀರಿಯೊಫೇಜ್, ಬಾಯಿಮಾತಿನಲ್ಲಿ ಫೇಜ್. ಒಂದಕ್ಕಿಂತ ಹೆಚ್ಚು ಜಾತಿಯ ಬ್ಯಾಕ್ಟೀರಿಯಾಗಳ ಮೇಲೆ ಬೆಳೆಯುವ ಫೇಜ್‌ಗಳನ್ನು ಹುಡುಕುವ ವಿದ್ಯಾರ್ಥಿಗಳು, ಲ್ಯಾಬ್ ತಂತ್ರಜ್ಞರು, ಅಧ್ಯಾಪಕರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗೆ ಕರುಳಿನ ಬ್ಯಾಕ್ಟೀರಿಯಾಗಳನ್ನೇ ಇಟ್ಟುಕೊಂಡಿದ್ದೇವೆ: ಇ. ಕೊಲೈ, ಸಾಲ್ಮೊನೆಲ್ಲಾ, ಶಿಗೆಲ್ಲಾ, ಸಿಟ್ರೊಬ್ಯಾಕ್ಟರ್. ಬೇರೆ ಬ್ಯಾಕ್ಟೀರಿಯಾ ಆದರೆ ಮೀಡಿಯಾ, ಉಷ್ಣತೆ ಬದಲಾಗುತ್ತವೆ, ಲೆಕ್ಕಾಚಾರ ಇದೇ.

## ಮೊದಲು ತಿಳಿಯಬೇಕಾದದ್ದು

ಒಂದು ಫೇಜ್‌ಗೆ ಒಂದೇ ಬ್ಯಾಕ್ಟೀರಿಯಾ ಅಂತ ಕಾಲೇಜಲ್ಲಿ ಓದಿದ್ವಿ. ಹಲವಕ್ಕೆ ತಗಲೋದು ನಿಜಾನಾ?

ನಿಜ. ಹೆಚ್ಚಿನ ಫೇಜ್‌ಗಳು ಒಂದು ಜಾತಿಗೆ, ಕೆಲವೊಮ್ಮೆ ಆ ಜಾತಿಯ ನಾಲ್ಕಾರು ತಳಿಗಳಿಗೆ ಸೀಮಿತ ಎಂಬುದೂ ನಿಜ. ಫೇಜ್ ಒಳಹೊಕ್ಕು ಮರಿ ಹಾಕಬೇಕಾದರೆ ಎರಡು ಬಾಗಿಲು ದಾಟಬೇಕು. ಮೊದಲನೆಯದು ಹೊರಗಿನದು: ಬ್ಯಾಕ್ಟೀರಿಯಾದ ಮೈಮೇಲಿನ ಯಾವುದೋ ಪ್ರೋಟೀನನ್ನೋ ಸಕ್ಕರೆ ಸರಪಳಿಯನ್ನೋ ಅದರ ಬಾಲದ ನಾರುಗಳು ಹಿಡಿಯಬೇಕು. ಈ ಹಿಡಿಕೆಗೆ ರಿಸೆಪ್ಟರ್ ಎನ್ನುತ್ತಾರೆ. ಎರಡನೆಯದು ಒಳಗಿನದು: ಹೊರಗಿನ ಡಿಎನ್‌ಎ ಕತ್ತರಿಸುವ, ಬ್ಯಾಕ್ಟೀರಿಯಾದ ರೆಸ್ಟ್ರಿಕ್ಷನ್ ಕಿಣ್ವಗಳಂಥ ಕಾವಲುಗಾರರಿಂದ ಫೇಜ್‌ನ ಡಿಎನ್‌ಎ ಪಾರಾಗಬೇಕು.

ಹೊರಬಾಗಿಲನ್ನು ಫೇಜ್‌ಗಳು ಬೇರೆ ಬೇರೆ ರೀತಿಯಲ್ಲಿ ದಾಟುತ್ತವೆ. ಕೆ1-5 ಎಂಬ ಫೇಜ್ ಎರಡು ಬಗೆಯ ಬಾಲದ ಪ್ರೋಟೀನ್ ಇಟ್ಟುಕೊಂಡಿದೆ. ಒಂದು ಕೆ1 ಎಂಬ ಸಕ್ಕರೆ ಕವಚದ ಇ. ಕೊಲೈಗೆ, ಇನ್ನೊಂದು ಕೆ5 ಕವಚದ್ದಕ್ಕೆ. ಮ್ಯೂ ಫೇಜ್ ತನ್ನ ಡಿಎನ್‌ಎಯ ಒಂದು ತುಂಡನ್ನು ತಿರುಗಿಸಿ ಜೋಡಿಸಿಕೊಳ್ಳುತ್ತದೆ: ಒಂದು ದಿಕ್ಕಿನಲ್ಲಿದ್ದರೆ ಇ. ಕೊಲೈ ಕೆ-12ಕ್ಕೆ ತಗಲುತ್ತದೆ, ಇನ್ನೊಂದು ದಿಕ್ಕಿನಲ್ಲಿದ್ದರೆ ಸಿಟ್ರೊಬ್ಯಾಕ್ಟರ್, ಶಿಗೆಲ್ಲಾ ಸೊನ್ನೆಗಳಿಗೆ. ಪಿಆರ್‌ಡಿ1ರ ದಾರಿಯೇ ಬೇರೆ. ಅದರ ರಿಸೆಪ್ಟರ್ ಇರುವುದು ಬ್ಯಾಕ್ಟೀರಿಯಾದ ಸ್ವಂತ ಜೀನ್‌ಗಳಲ್ಲಲ್ಲ, ಜಾತಿಯಿಂದ ಜಾತಿಗೆ ಹಾರುವ ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ಉಂಗುರದಲ್ಲಿ. ಆ ಪ್ಲಾಸ್ಮಿಡ್ ಇದ್ದರೆ ಇ. ಕೊಲೈಯಾದರೂ ಸರಿ, ಸಾಲ್ಮೊನೆಲ್ಲಾ ಆದರೂ ಸರಿ, ಸ್ಯೂಡೊಮೊನಾಸ್ ಆದರೂ ಸರಿ. ಪ್ಲಾಸ್ಮಿಡ್ ಕಳೆದುಕೊಂಡ ಅದೇ ತಳಿಗೆ ಪಿಆರ್‌ಡಿ1 ತಗಲುವುದಿಲ್ಲ.

ಇ. ಕೊಲೈ, ಶಿಗೆಲ್ಲಾ ಎರಡಕ್ಕೂ ತಗಲೋ ಫೇಜ್ ಸಿಕ್ಕಿದೆ. ಎರಡು ಕುಲ ದಾಟಿದೆ ಅಂತ ಬರೀಬಹುದಾ?

ಹೆಸರಿನ ಮಟ್ಟಿಗೆ ಎರಡು ಕುಲ. ಜೀನೋಮ್ ನೋಡಿದರೆ ಶಿಗೆಲ್ಲಾ ಇ. ಕೊಲೈಯ ಒಳಗೇ ಬರುವ ಕವಲು. ವೈದ್ಯಕೀಯ ರೂಢಿಯಿಂದಷ್ಟೇ ಹೆಸರು ಬೇರೆ ಉಳಿದಿದೆ. ಆದ್ದರಿಂದ ಈ ಜೋಡಿಯನ್ನು ದೊಡ್ಡ ಜಿಗಿತ ಎಂದು ಬರೆದರೆ ಪರಿಶೀಲಕರು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಇ. ಕೊಲೈ ಜೊತೆ ಸಾಲ್ಮೊನೆಲ್ಲಾ ಅಥವಾ ಸಿಟ್ರೊಬ್ಯಾಕ್ಟರ್ ಇದ್ದರೆ ಮಾತಿಗೆ ತೂಕ ಬರುತ್ತದೆ. ಪರೀಕ್ಷೆಗೆ ಇಡುವ ತಳಿಗಳ ಗುರುತನ್ನು ಕೆಲಸ ಶುರುವಾಗುವ ಮುಂಚೆಯೇ 16ಎಸ್ (ಬ್ಯಾಕ್ಟೀರಿಯಾದ ಗುರುತು ಹಿಡಿಯಲು ಓದುವ ಜೀನ್) ಅನುಕ್ರಮದಿಂದ ಪಕ್ಕಾ ಮಾಡಿಕೊಳ್ಳಿ. "ಸಾಲ್ಮೊನೆಲ್ಲಾ" ಎಂದು ಫ್ರೀಜರ್‌ನಲ್ಲಿ ಬರೆದಿಟ್ಟ ಟ್ಯೂಬಿನಲ್ಲಿ ಇ. ಕೊಲೈ ಇದ್ದುಬಿಟ್ಟರೆ ಮುಂದಿನ ಆರು ತಿಂಗಳ ಫಲಿತಾಂಶವೆಲ್ಲ ನೀರುಪಾಲು.

ಇದರಲ್ಲಿ ಅಪಾಯ ಇದೆಯಾ? ಮನೇಲಿ ಮಾಡಬಹುದಾ?

ಫೇಜ್ ಮನುಷ್ಯರಿಗೆ ತಗಲುವುದಿಲ್ಲ. ಅಪಾಯ ಬರುವುದು ಬ್ಯಾಕ್ಟೀರಿಯಾದಿಂದ ಮತ್ತು ಚರಂಡಿ ನೀರಿನಿಂದ. ಸಾಲ್ಮೊನೆಲ್ಲಾ, ಶಿಗೆಲ್ಲಾ ಬೆಳೆಸಲು ಎರಡನೇ ಹಂತದ ಜೈವಿಕ ಸುರಕ್ಷತೆಯ ಲ್ಯಾಬ್ ಬೇಕು. ಮನೆಯಲ್ಲಿ ಬೇಡವೇ ಬೇಡ. ಕಲಿಯುವ ಹಂತದಲ್ಲಿ ಇ. ಕೊಲೈ ಕೆ-12, ಇ. ಕೊಲೈ ಸಿ ತಳಿಗಳು ಸಾಕು. ಬಳಸಿದ ಪ್ಲೇಟು, ಟಿಪ್ಪು ಎಲ್ಲವೂ 121 ಡಿಗ್ರಿಯಲ್ಲಿ ಕನಿಷ್ಠ 20 ನಿಮಿಷ ಆಟೋಕ್ಲೇವ್ ಆಗಿಯೇ ಹೊರಗೆ ಹೋಗಬೇಕು.

## ಹುಡುಕಾಟ

ನೀರು ಎಲ್ಲಿಂದ ತರಬೇಕು, ಎಷ್ಟು?

ಬ್ಯಾಕ್ಟೀರಿಯಾ ಎಲ್ಲಿ ದಟ್ಟವೋ ಅಲ್ಲಿ ಅದರ ಫೇಜ್. ಕರುಳಿನ ಬ್ಯಾಕ್ಟೀರಿಯಾಗೆ ಕೊಳಚೆ ನೀರಿಗಿಂತ ಒಳ್ಳೆಯ ಜಾಗವಿಲ್ಲ: ಶುದ್ಧೀಕರಣ ಘಟಕಕ್ಕೆ ಒಳಬರುವ ನೀರು, ಕೋಳಿ ಫಾರಂನ ತೊಳೆನೀರು, ಬೆಂಗಳೂರಿನ ವೃಷಭಾವತಿಯಂಥ ಕೊಳಚೆ ಹರಿಯುವ ಹೊಳೆ. 100 ಮಿ.ಲೀ. ಸಾಕು. ಘಟಕದಿಂದ ಹೊರಬರುವ ನೀರನ್ನು ತರಬೇಡಿ. ಅದರಲ್ಲಿ ಕ್ಲೋರಿನ್ ಇದ್ದರೆ ಫೇಜ್ ಸತ್ತಿರುತ್ತದೆ. ಐಸ್ ಡಬ್ಬದಲ್ಲಿಟ್ಟು ತಂದು, ಅದೇ ದಿನ 8,000 ಜಿ ವೇಗದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು 0.45 ಮತ್ತು ಆಮೇಲೆ 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಫಿಲ್ಟರ್ ಪಿಇಎಸ್ (ಪಾಲಿಈಥರ್‌ಸಲ್ಫೋನ್) ಆಗಿರಲಿ. ನೈಟ್ರೊಸೆಲ್ಯುಲೋಸ್ ಫೇಜ್‌ಗಳನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ದೈತ್ಯ ಫೇಜ್‌ಗಳು ಬೇಕಿದ್ದರೆ 0.45ಕ್ಕೇ ನಿಲ್ಲಿಸಿ, ಅವು 0.22ರಲ್ಲಿ ಸಿಕ್ಕಿಕೊಳ್ಳುತ್ತವೆ.

ಬ್ಯಾಕ್ಟೀರಿಯಾ ಕೊಲ್ಲಲು ಕ್ಲೋರೊಫಾರ್ಮ್ ಹಾಕುವ ಅಭ್ಯಾಸ ಹಲವು ಲ್ಯಾಬ್‌ಗಳಲ್ಲಿದೆ. ಕೊಬ್ಬಿನ ಪೊರೆ ಇರುವ ಫೇಜ್‌ಗಳು ಅದರಲ್ಲಿ ನಾಶವಾಗುತ್ತವೆ, ಮೇಲೆ ಹೇಳಿದ ಪಿಆರ್‌ಡಿ1 ಕೂಡ. ಹಲವು ಜಾತಿಗೆ ತಗಲುವ ಫೇಜ್ ಹುಡುಕಲು ಹೊರಟು ಅದನ್ನೇ ಮೊದಲ ದಿನ ಕೊಂದಂತಾಗುತ್ತದೆ. ಹುಡುಕಾಟದ ಹಂತದಲ್ಲಿ ಕ್ಲೋರೊಫಾರ್ಮ್ ಬೇಡ.

ಎಷ್ಟು ಸಲ ಮಾಡಿದರೂ ಒಂದೇ ಬ್ಯಾಕ್ಟೀರಿಯಾಗೆ ತಗಲೋ ಫೇಜೇ ಸಿಗ್ತಿದೆ. ಎಲ್ಲಿ ತಪ್ಪಾಗ್ತಿದೆ?

ಬಹುಮಟ್ಟಿಗೆ ತಪ್ಪಿರುವುದು ಎನ್‌ರಿಚ್‌ಮೆಂಟ್‌ನಲ್ಲಿ, ಅಂದರೆ ನೀರಿನಲ್ಲಿರುವ ಫೇಜ್‌ಗಳನ್ನು ಬ್ಯಾಕ್ಟೀರಿಯಾ ಕೊಟ್ಟು ಹೆಚ್ಚಿಸುವ ಹಂತದಲ್ಲಿ. ಒಂದೇ ಹೋಸ್ಟ್ (ಫೇಜ್ ಬೆಳೆಯಲು ಕೊಡುವ ಬ್ಯಾಕ್ಟೀರಿಯಾ) ಹಾಕಿ ರಾತ್ರಿಯಿಡೀ ಬೆಳೆಸಿದರೆ, ಆ ಹೋಸ್ಟ್ ಮೇಲೆ ಅತಿ ಬೇಗ ಹೆಚ್ಚುವ ಫೇಜ್ ಮಿಕ್ಕವನ್ನೆಲ್ಲ ಹಿಂದಿಕ್ಕುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಫೇಜ್ 30 ನಿಮಿಷಕ್ಕೊಮ್ಮೆ 100 ಮರಿ ಹಾಕುತ್ತದೆ, ಇನ್ನೊಂದು 45 ನಿಮಿಷಕ್ಕೊಮ್ಮೆ 30. ಒಂದೂವರೆ ಗಂಟೆಯಲ್ಲಿ ಮೊದಲನೆಯದು ಹತ್ತು ಲಕ್ಷ, ಎರಡನೆಯದು ಬರೀ 900. ಆ ಎರಡನೆಯದೇ ನಿಮಗೆ ಬೇಕಾದ ಬಹುಹೋಸ್ಟ್ ಫೇಜ್ ಆಗಿದ್ದರೆ ಬೆಳಗ್ಗೆ ಪ್ಲೇಟಿನಲ್ಲಿ ಅದರ ಸುಳಿವೂ ಇರುವುದಿಲ್ಲ.

ಹಾಗಾದರೆ ಎಲ್ಲ ಹೋಸ್ಟ್‌ಗಳನ್ನೂ ಒಂದೇ ಫ್ಲಾಸ್ಕಿಗೆ ಹಾಕಿದರೆ? ಅದೂ ಸಾಲದು. ಪ್ರತಿಯೊಂದು ಹೋಸ್ಟ್‌ನ ಮೇಲೆ ಅದರದರ ಫೇಜ್ ಹುಲುಸಾಗಿ ಬೆಳೆದು, ಕೊನೆಗೆ ಕೈಗೆ ಬರುವುದು ಹಲವು ಫೇಜ್‌ಗಳ ಕಲಸುಮೇಲೋಗರ.

ಫಲ ಕೊಡುವುದು ಸರದಿ ವಿಧಾನ. 50 ಮಿ.ಲೀ. ಸೋಸಿದ ನೀರಿಗೆ 50 ಮಿ.ಲೀ. ದುಪ್ಪಟ್ಟು ಗಟ್ಟಿಯ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ), ಆಗ ತಾನೇ ಬೆಳೆಯುತ್ತಿರುವ ಮೊದಲ ಹೋಸ್ಟ್ 1 ಮಿ.ಲೀ., 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 0.2 ಮಿ.ಲೀ. ಹಾಕಿ 37 ಡಿಗ್ರಿಯಲ್ಲಿ ಮೆಲ್ಲಗೆ ಅಲ್ಲಾಡಿಸುತ್ತ 4ರಿಂದ 6 ಗಂಟೆ ಮಾತ್ರ ಬೆಳೆಸಿ, ರಾತ್ರಿಯಿಡೀ ಬಿಡಬೇಡಿ. ಸೆಂಟ್ರಿಫ್ಯೂಜ್ ಮಾಡಿ ಸೋಸಿ. ಅದರಲ್ಲಿ 1 ಮಿ.ಲೀ. ತೆಗೆದು ಎರಡನೇ ಹೋಸ್ಟ್ ಇರುವ 100 ಮಿ.ಲೀ. ಬ್ರಾತ್‌ಗೆ ಹಾಕಿ. ಎರಡನೆಯದರ ಮೇಲೆ ಬೆಳೆಯಲಾರದ ಫೇಜ್ ಇಲ್ಲಿ ನೂರು ಪಟ್ಟು ತೆಳುವಾಗುತ್ತದೆ, ಎರಡರ ಮೇಲೂ ಬೆಳೆಯುವಂಥದ್ದು ಮೇಲೆ ಬರುತ್ತದೆ. ಎರಡು ಹೋಸ್ಟ್‌ಗಳು ಎಷ್ಟು ದೂರದ ನೆಂಟರಾದರೆ ಅಷ್ಟು ಒಳ್ಳೆಯದು. ಎರಡೆರಡು ಹೋಸ್ಟ್ ಬಳಸಿ ಹುಡುಕಿದರೆ ಬಹುಹೋಸ್ಟ್ ಫೇಜ್‌ಗಳು ಸುಲಭವಾಗಿ ಸಿಗುತ್ತವೆಂದು ಸ್ಫೆರೊಟೈಲಸ್, ಇ. ಕೊಲೈ, ಸ್ಯೂಡೊಮೊನಾಸ್‌ಗಳ ಮೇಲೆ ನಡೆದ, 1998ರಲ್ಲಿ ಪ್ರಕಟವಾದ ಕೆಲಸ ತೋರಿಸಿತು.

ಇನ್ನೊಂದು ಹಳೆಯ ಉಪಾಯವಿದೆ, ನಮಗೆ ಬಹಳ ಇಷ್ಟವಾದದ್ದು: ಎರಡೂ ಹೋಸ್ಟ್‌ಗಳನ್ನು ಸಮ ಪ್ರಮಾಣದಲ್ಲಿ ಬೆರೆಸಿ ಪ್ಲೇಟಿನ ಮೇಲೆ ಒಂದೇ ಹಾಸು (ಬ್ಯಾಕ್ಟೀರಿಯಾದ ತೆಳು ಪದರ) ಮಾಡುವುದು. ಒಂದನ್ನೇ ಕೊಲ್ಲುವ ಫೇಜ್ ಬಿದ್ದ ಕಡೆ ಇನ್ನೊಂದು ಬೆಳೆದು ಪ್ಲಾಕ್ (ಫೇಜ್ ಬ್ಯಾಕ್ಟೀರಿಯಾ ಕೊಂದ ಕಡೆ ಹಾಸಿನಲ್ಲಿ ಮೂಡುವ ಕಲೆ) ಮಬ್ಬಾಗಿ ಕಾಣುತ್ತದೆ. ಎರಡನ್ನೂ ಕೊಲ್ಲುವಂಥದ್ದರ ಪ್ಲಾಕ್ ಗಾಜಿನಂತೆ ತಿಳಿ. ಟಿ2 ಫೇಜ್‌ನ ಹೋಸ್ಟ್ ಬದಲಿಸಿದ ರೂಪಾಂತರಗಳನ್ನು ಅಮೆರಿಕದ ಫೇಜ್ ವಿಜ್ಞಾನಿ ಆಲ್‌ಫ್ರೆಡ್ ಹರ್ಷಿ ಗುರುತಿಸಿದ್ದು ಇಂಥ ಬೆರಕೆ ಹಾಸಿನಲ್ಲೇ. ಒಂದು ಹೋಸ್ಟ್ ಇನ್ನೊಂದನ್ನು ಕೊಲಿಸಿನ್ ಎಂಬ ವಿಷ ಸೂಸಿ ಕೊಲ್ಲುತ್ತದೆಯೇ ಎಂದು ಮೊದಲು ನೋಡಿಕೊಂಡರಾಯಿತು.

ಎನ್‌ರಿಚ್‌ಮೆಂಟ್ ಚೆನ್ನಾಗೇ ಆಯ್ತು, ಆದ್ರೆ ಪ್ಲೇಟಲ್ಲಿ ಪ್ಲಾಕೇ ಕಾಣ್ತಿಲ್ಲ!

ಮೊದಲು ಹಾಸನ್ನು ಅನುಮಾನಿಸಿ, ಫೇಜನ್ನು ಆಮೇಲೆ. ಕೆಳಪದರ 1.5 ಶೇಕಡ ಅಗಾರ್, ಮೇಲ್ಪದರ 0.5 ಶೇಕಡದ್ದು 4 ಮಿ.ಲೀ. ಇರಲಿ. ಓಡಿ (ದ್ರವದ ಮಬ್ಬಿನ ಅಳತೆ) 0.4ರ ಸುತ್ತ ಇರುವ ಹೋಸ್ಟ್ 100 ಮೈಕ್ರೊಲೀಟರ್ ಮತ್ತು ಫೇಜ್ 100 ಮೈಕ್ರೊಲೀಟರ್ ಬೆರೆಸಿ, 5ರಿಂದ 10 ನಿಮಿಷ ಬಿಟ್ಟು, ಮೇಲ್ಪದರದ ಅಗಾರ್‌ಗೆ ಹಾಕಿ ಸುರಿಯಿರಿ.

ಅಗಾರ್ 50 ಡಿಗ್ರಿ ದಾಟಿದ್ದರೆ ಹೋಸ್ಟ್ ಸಾಯುತ್ತದೆ. 42ಕ್ಕೆ ಇಳಿದಿದ್ದರೆ ಸುರಿಯುವಾಗಲೇ ಹೆಪ್ಪುಗಟ್ಟಿ ಹಾಸು ಗಂಟುಗಂಟಾದ ಗಂಜಿಯಂತಾಗುತ್ತದೆ. 46–47 ಸರಿಯಾದ ಮಟ್ಟ. ಕೆಳಪ್ಲೇಟು ಫ್ರಿಜ್‌ನಿಂದ ನೇರ ಬಂದಿದ್ದರೂ ಇದೇ ಗತಿ, ಮೊದಲು 37 ಡಿಗ್ರಿಯಲ್ಲಿ ಬೆಚ್ಚಗೆ ಮಾಡಿ, ಮೇಲಿನ ತೇವ ಆರಿಸಿ. ರಾತ್ರಿ ಬೆಳೆದ ಮುದಿ ಹೋಸ್ಟ್ ಹಾಕಿದರೆ ಪ್ಲಾಕ್ ಸಣ್ಣದಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ಬ್ರಾತ್‌ನಲ್ಲಿ ಫಾಸ್ಫೇಟ್ ಹೆಚ್ಚಿದ್ದರೆ ಕ್ಯಾಲ್ಸಿಯಂ ಬಿಳಿ ಮಡ್ಡಿಯಾಗಿ ಕೆಳಗಿಳಿಯುತ್ತದೆ. ಅದನ್ನು ಆಟೋಕ್ಲೇವ್ ಆದ ಮೇಲೆ, ಮೀಡಿಯಾ ತಣಿದ ಮೇಲೆ ಸೇರಿಸಿ, ಕೊನೆಯ ಪ್ರಮಾಣ 1ರಿಂದ 5 ಮಿಲಿಮೋಲಾರ್ ಇರಲಿ.

ಇಷ್ಟೆಲ್ಲ ಸರಿಯಿದ್ದೂ ಕಾಣದಿದ್ದರೆ ಮೇಲ್ಪದರವನ್ನು 0.3 ಶೇಕಡಕ್ಕೆ ಇಳಿಸಿ. ದೊಡ್ಡ ಮೈಯ ಫೇಜ್‌ಗಳು ಗಟ್ಟಿ ಅಗಾರ್‌ನಲ್ಲಿ ಸರಿದಾಡಲಾರವು; ಸೂಜಿಮೊನೆಯಷ್ಟು ಚುಕ್ಕಿ ಮಾಡಿ ನಿಂತುಬಿಡುತ್ತವೆ. ಪ್ಲೇಟನ್ನು ಕಪ್ಪು ಕಾಗದದ ಮೇಲಿಟ್ಟು, ಬೆಳಕು ಪಕ್ಕದಿಂದ ಬೀಳುವಂತೆ ಓರೆಯಾಗಿ ಹಿಡಿದು ನೋಡಿ. ತಿಳಿ ಚುಕ್ಕಿಯ ಸುತ್ತ, ಚಂದ್ರನ ಸುತ್ತ ಕಟ್ಟುವ ಉಂಗುರದಂತೆ ಮಬ್ಬು ವಲಯ ಕಂಡು ಅದು ದಿನದಿನಕ್ಕೆ ಅಗಲವಾಗುತ್ತಿದ್ದರೆ, ಬ್ಯಾಕ್ಟೀರಿಯಾದ ಸಕ್ಕರೆ ಕವಚ ಕರಗಿಸುವ ಕಿಣ್ವ ಆ ಫೇಜ್‌ನಲ್ಲಿರುವ ಸಾಧ್ಯತೆ ಹೆಚ್ಚು. ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸ್ಪಾಟ್ ಟೆಸ್ಟಲ್ಲಿ ಐದೂ ಬ್ಯಾಕ್ಟೀರಿಯಾ ಮೇಲೆ ತಿಳಿ ಬಂತು ಸರ್. ಇನ್ನು ಪೇಪರ್ ಬರೀಬಹುದಲ್ವಾ?

ಇನ್ನೂ ಇಲ್ಲ. ಹಾಸಿನ ಮೇಲೆ ಫೇಜ್ ದ್ರವದ ಹನಿ ಇಟ್ಟು ನೋಡುವ ಈ ಪರೀಕ್ಷೆಯೇ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಮೋಸ ಮಾಡುವಂಥದ್ದು. ತಿಳಿ ಬಂದಿದೆ ಎಂದರೆ ಬ್ಯಾಕ್ಟೀರಿಯಾ ಸತ್ತಿದೆ ಎಂದಷ್ಟೇ ಅರ್ಥ. ಫೇಜ್ ಅಲ್ಲಿ ಮರಿ ಹಾಕಿದೆ ಎಂದಲ್ಲ. ಒಂದೇ ಬ್ಯಾಕ್ಟೀರಿಯಾದ ಮೈಗೆ ನೂರಾರು ಫೇಜ್ ಒಮ್ಮೆಗೇ ತೂತು ಕೊರೆದರೆ ಒಳಗೆ ಏನೂ ಬೆಳೆಯದೆಯೂ ಅದು ಒಡೆಯುತ್ತದೆ. ಹಳೆಯ ಹೋಸ್ಟ್ ಬಿಟ್ಟ ಕೊಲಿಸಿನ್‌ನಂಥ ವಿಷ ನಿಮ್ಮ ದ್ರವದಲ್ಲಿ ಉಳಿದಿರಬಹುದು. ತಗಲಿದ ಬ್ಯಾಕ್ಟೀರಿಯಾ ಫೇಜ್ ಹೊರಬರುವ ಮುಂಚೆ ತಾನೇ ಸತ್ತು ಸೋಂಕನ್ನು ತಡೆಯುವುದೂ ಉಂಟು.

ಪರಿಹಾರ ಸರಳ: ಹತ್ತು ಪಟ್ಟಿನ ಲೆಕ್ಕದಲ್ಲಿ 10⁻⁸ವರೆಗೆ ತೆಳು ಮಾಡುತ್ತ ಹೋಗಿ, ಪ್ರತಿಯೊಂದರಿಂದ 5 ಮೈಕ್ರೊಲೀಟರ್ ಹನಿ ಇಡಿ. ನಿಜವಾದ ಸೋಂಕಾದರೆ ತಿಳಿ ಕಲೆ ಒಂದು ಹಂತದಲ್ಲಿ ಬಿಡಿ ಬಿಡಿ ಪ್ಲಾಕ್‌ಗಳಾಗಿ ಒಡೆಯುತ್ತದೆ. 10⁻²ರಲ್ಲಿ ತಿಳಿ, 10⁻³ರಲ್ಲಿ ಮಬ್ಬು, 10⁻⁴ರಲ್ಲಿ ಏನೂ ಇಲ್ಲ, ನಡುವೆ ಬಿಡಿ ಪ್ಲಾಕ್ ಒಂದೂ ಇಲ್ಲ ಎಂದಾದರೆ ಆ ಬ್ಯಾಕ್ಟೀರಿಯಾವನ್ನು ಪಟ್ಟಿಯಿಂದ ತೆಗೆಯಿರಿ.

ಜೊತೆಗೊಂದು ಕಂಟ್ರೋಲ್ ತಪ್ಪದೆ ಇಡಿ. ಫೇಜ್ ಹಾಕದ ಹೋಸ್ಟ್‌ನ ಬ್ರಾತ್ ಸೋಸಿ ಅದೇ ಹಾಸಿನ ಮೇಲೆ ಹನಿ ಇಡಿ. ಸಾಲ್ಮೊನೆಲ್ಲಾ ಎಲ್‌ಟಿ2 ತಳಿಯ ಜೀನೋಮ್‌ನಲ್ಲೇ ಗಿಫ್ಸಿ-1, ಗಿಫ್ಸಿ-2, ಫೆಲ್ಸ್-1, ಫೆಲ್ಸ್-2 ಎಂಬ ನಾಲ್ಕು ಫೇಜ್‌ಗಳು ಅಡಗಿವೆ. ಇಂಥವು ತಾವಾಗಿ ಹೊರಬಂದು ಪಕ್ಕದ ತಳಿಯ ಮೇಲೆ ಪ್ಲಾಕ್ ಮಾಡಿದರೆ ನಿಮ್ಮ ಫೇಜ್‌ನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಶುದ್ಧ ಮಾಡೋಕೆ ಮೂರು ಸಲ ಪ್ಲಾಕ್ ಎತ್ತಿದ್ರೆ ಸಾಕಾ?

ಒಂದೇ ಹೋಸ್ಟ್ ಆದರೆ ಸಾಮಾನ್ಯವಾಗಿ ಸಾಕು. ಹಲವು ಹೋಸ್ಟ್ ಎಂದು ಹೇಳಬೇಕಾದರೆ ಎತ್ತುವ ಸಂಖ್ಯೆಗಿಂತ ಎತ್ತುವ ದಾರಿ ಮುಖ್ಯ. ಮೊದಲ ಹೋಸ್ಟ್‌ನಿಂದ ಒಂಟಿಯಾಗಿ ನಿಂತ ಒಂದು ಪ್ಲಾಕನ್ನು ಟಿಪ್‌ನಿಂದ ಚುಚ್ಚಿ 500 ಮೈಕ್ರೊಲೀಟರ್ ಎಸ್‌ಎಂ ಬಫರ್‌ಗೆ ಹಾಕಿ. ಅದನ್ನು ತೆಳು ಮಾಡಿ ಎರಡನೇ ಹೋಸ್ಟ್ ಮೇಲೆ ಹಾಕಿ, ಅಲ್ಲಿಯ ಒಂಟಿ ಪ್ಲಾಕ್ ಎತ್ತಿ ಮತ್ತೆ ಮೊದಲನೆಯದಕ್ಕೆ. ಹೀಗೆ ಕನಿಷ್ಠ ಎರಡು ಸುತ್ತು. ಪ್ರತಿ ಹೆಜ್ಜೆಯಲ್ಲೂ ಒಂದೇ ಪ್ಲಾಕ್‌ನಿಂದ ಎರಡೂ ಹೋಸ್ಟ್ ಮೇಲೆ ಪ್ಲಾಕ್ ಬರಬೇಕು. ಎರಡು ಫೇಜ್‌ಗಳ ಬೆರಕೆಯಾಗಿದ್ದರೆ ಈ ದಾರಿಯಲ್ಲಿ ಬಯಲಾಗುತ್ತದೆ. ಇದನ್ನು ಬಿಟ್ಟು "ಒಂದೇ ಫೇಜ್ ಎರಡಕ್ಕೂ ತಗಲುತ್ತದೆ" ಎನ್ನಲು ನಮಗೆ ಧೈರ್ಯವಿಲ್ಲ.

ಎಸ್‌ಎಂ ಬಫರ್: 1 ಲೀಟರ್‌ಗೆ ಉಪ್ಪು (ಸೋಡಿಯಂ ಕ್ಲೋರೈಡ್) 5.8 ಗ್ರಾಂ, ಏಳು ನೀರಿನ ಮೆಗ್ನೀಸಿಯಂ ಸಲ್ಫೇಟ್ 2 ಗ್ರಾಂ, ಪಿಎಚ್ 7.5ರ 1 ಮೋಲಾರ್ ಟ್ರಿಸ್ 50 ಮಿ.ಲೀ., ಜೆಲಾಟಿನ್ 0.1 ಗ್ರಾಂ. ಆಟೋಕ್ಲೇವ್ ಮಾಡಿಡಿ. ಶುದ್ಧ ಫೇಜ್ ಇದರಲ್ಲಿ 4 ಡಿಗ್ರಿಯಲ್ಲಿ ಸಾಮಾನ್ಯವಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಆದರೂ ಗ್ಲಿಸರಾಲ್ ಬೆರೆಸಿದ ಒಂದು ಪ್ರತಿಯನ್ನು ಮೈನಸ್ 80ರಲ್ಲಿ ಇಡದೆ ಮುಂದೆ ಹೋಗಬೇಡಿ.

## ಅಳತೆ

ಇಓಪಿ ಅಂದ್ರೇನು? ಲೆಕ್ಕ ಹೇಗೆ?

ಒಂದೇ ಫೇಜ್ ದ್ರವ ಎರಡು ಹೋಸ್ಟ್‌ಗಳ ಮೇಲೆ ಕೊಡುವ ಟೈಟರ್‌ಗಳ (ಮಿ.ಲೀ.ಗೆ ಎಷ್ಟು ಫೇಜ್ ಎಂಬ ಎಣಿಕೆ) ಅನುಪಾತವೇ ಇಓಪಿ, ಅಂದರೆ ಎಫಿಶಿಯನ್ಸಿ ಆಫ್ ಪ್ಲೇಟಿಂಗ್. ಮೊದಲ ಹೋಸ್ಟ್ ಮೇಲೆ 10⁻⁶ರ ದ್ರವ 0.1 ಮಿ.ಲೀ. ಹಾಕಿದಾಗ 64 ಪ್ಲಾಕ್ ಬಂದರೆ ಟೈಟರ್ ಮಿ.ಲೀ.ಗೆ 6.4×10⁸. ಎರಡನೆಯದರ ಮೇಲೆ 10⁻⁵ರಲ್ಲಿ 160 ಬಂದರೆ 1.6×10⁸. ಇಓಪಿ 0.25. 30ರಿಂದ 300 ಪ್ಲಾಕ್ ಇರುವ ಪ್ಲೇಟನ್ನಷ್ಟೇ ಎಣಿಸಿ, ಮೂರು ಬೇರೆ ದಿನ ಮಾಡಿ ಸರಾಸರಿ ತೆಗೆಯಿರಿ. ರೂಢಿಯಲ್ಲಿ 0.5 ಮೇಲಿದ್ದರೆ ಹೆಚ್ಚು, 0.1ರಿಂದ 0.5 ಮಧ್ಯಮ, 0.001ರಿಂದ 0.1 ಕಡಿಮೆ, ಅದಕ್ಕೂ ಕೆಳಗಿದ್ದರೆ ಕೆಲಸಕ್ಕೆ ಬಾರದು ಎಂದು ಲೆಕ್ಕ.

ಎರಡನೇ ಹೋಸ್ಟ್ ಮೇಲೆ ಇಓಪಿ 10⁻⁴ ಇತ್ತು. ಅಲ್ಲಿಂದ ಪ್ಲಾಕ್ ಎತ್ತಿ ಬೆಳೆಸಿದ ಮೇಲೆ 1 ಆಗಿಬಿಟ್ಟಿದೆ! ಫೇಜ್ ಬದಲಾಯ್ತಾ?

ಎರಡು ಸಾಧ್ಯತೆಗಳಿವೆ, ಬೇರ್ಪಡಿಸುವ ಪ್ರಯೋಗಕ್ಕೆ ಎರಡೇ ದಿನ ಸಾಕು. ಆ ಫೇಜನ್ನು ಮತ್ತೆ ಮೊದಲ ಹೋಸ್ಟ್ ಮೇಲೆ ಒಂದು ಸುತ್ತು ಬೆಳೆಸಿ, ಎರಡನೆಯದರ ಮೇಲೆ ಎಣಿಸಿ. ಇಓಪಿ ಪುನಃ 10⁻⁴ಕ್ಕೆ ಬಿದ್ದರೆ ಜೀನ್ ಬದಲಾಗಿಲ್ಲ. ಎರಡನೇ ಹೋಸ್ಟ್‌ನ ರೆಸ್ಟ್ರಿಕ್ಷನ್ ಕಿಣ್ವದಿಂದ ತಪ್ಪಿಸಿಕೊಂಡ ಬೆರಳೆಣಿಕೆಯ ಫೇಜ್‌ಗಳ ಡಿಎನ್‌ಎ ಮೇಲೆ ಆ ಹೋಸ್ಟ್‌ನದೇ ಮೀಥೈಲ್ ಮುದ್ರೆ ಬಿದ್ದಿತ್ತು; ಮುದ್ರೆ ಇರುವ ಡಿಎನ್‌ಎಯನ್ನು ಆ ಕಿಣ್ವ ಕತ್ತರಿಸುವುದಿಲ್ಲ. ಮೊದಲ ಹೋಸ್ಟ್‌ನಲ್ಲಿ ಬೆಳೆದಾಗ ಮುದ್ರೆ ಅಳಿಸಿಹೋಯಿತು. ಬೀಳದೆ 1ರಲ್ಲೇ ನಿಂತರೆ ಅದು ಮ್ಯುಟೇಶನ್, ಬಹುಪಾಲು ಬಾಲದ ನಾರಿನ ಜೀನ್‌ನಲ್ಲಿ. ಇ. ಕೊಲೈ ಸಿ ತಳಿಯಲ್ಲಿ ರೆಸ್ಟ್ರಿಕ್ಷನ್ ವ್ಯವಸ್ಥೆ ಇಲ್ಲ. ಹುಡುಕಾಟಕ್ಕೆ ಅದನ್ನು ಮೊದಲ ಹೋಸ್ಟ್ ಮಾಡಿಕೊಂಡರೆ ಒಳಬಾಗಿಲಲ್ಲಿ ಸಾಯಬಹುದಾದ ಫೇಜ್‌ಗಳೂ ಕೈಗೆ ಸಿಗುತ್ತವೆ.

ಒನ್ ಸ್ಟೆಪ್ ಗ್ರೋತ್ ಕರ್ವ್ ಒಂದು ಹೋಸ್ಟ್‌ಗೆ ಮಾಡಿದ್ರೆ ಸಾಲದಾ?

ಸಾಲದು. ಒಂದು ಸುತ್ತಿನ ಸೋಂಕಿನಲ್ಲಿ ಎಷ್ಟು ಮರಿ ಬರುತ್ತವೆ ಎಂದು ಅಳೆಯುವ ಪ್ರಯೋಗ ಇದು. ಒಂದೇ ಫೇಜ್ ಒಂದು ಹೋಸ್ಟ್‌ನಲ್ಲಿ ನೂರು ಮರಿ, ಇನ್ನೊಂದರಲ್ಲಿ ಹತ್ತು ಹಾಕಬಹುದು. ಮಿ.ಲೀ.ಗೆ 10⁸ ಬ್ಯಾಕ್ಟೀರಿಯಾ, 10⁶ ಫೇಜ್ ಬೆರೆಸಿ 5 ನಿಮಿಷ ಅಂಟಲು ಬಿಡಿ. ತಕ್ಷಣ ಬೆಚ್ಚಗಿನ ಬ್ರಾತ್‌ನಲ್ಲಿ ಹತ್ತು ಸಾವಿರ ಪಟ್ಟು ತೆಳು ಮಾಡಿ, 5 ನಿಮಿಷಕ್ಕೊಮ್ಮೆ ಒಂದು ಗಂಟೆಯವರೆಗೆ ಎಣಿಸಿ. ಶುರುವಿನಲ್ಲಿ ಅಂಟದೆ ಉಳಿದದ್ದನ್ನು ಬೇರೆಯಾಗಿ ಎಣಿಸಲು ಮರೆತರೆ ಲೆಕ್ಕ ಕೆಡುತ್ತದೆ. ಶುರುವಿನಲ್ಲಿ ಒಟ್ಟು 2,200, ಅದರಲ್ಲಿ ಅಂಟದೆ ಉಳಿದದ್ದು 200, ಕೊನೆಯಲ್ಲಿ 2 ಲಕ್ಷ ಎಂದರೆ ತಗಲಿದ ಪ್ರತಿ ಬ್ಯಾಕ್ಟೀರಿಯಾದಿಂದ ಸುಮಾರು 100 ಮರಿ.

ಫೇಜ್ ಯಾವ ರಿಸೆಪ್ಟರ್ ಹಿಡಿಯುತ್ತೆ ಅಂತ ಕಡಿಮೆ ಖರ್ಚಲ್ಲಿ ತಿಳಿಯೋದು ಹೇಗೆ?

ಬ್ಯಾಕ್ಟೀರಿಯಾದ ಒಂದು ಪಾಲನ್ನು ಪೆರಿಅಯೊಡೇಟ್‌ನಲ್ಲಿ, ಇನ್ನೊಂದನ್ನು ಪ್ರೋಟಿನೇಸ್-ಕೆ ಕಿಣ್ವದಲ್ಲಿ ನೆನೆಸಿ, ತೊಳೆದು, ಫೇಜ್ ಎಷ್ಟು ಅಂಟುತ್ತದೆ ನೋಡಿ. ಮೊದಲನೆಯದು ಸಕ್ಕರೆಯನ್ನು, ಎರಡನೆಯದು ಪ್ರೋಟೀನನ್ನು ಹಾಳುಮಾಡುತ್ತದೆ. ಇದನ್ನು ಪ್ರತಿ ಹೋಸ್ಟ್‌ಗೂ ಮಾಡಿ: ಒಂದರಲ್ಲಿ ಸಕ್ಕರೆ, ಇನ್ನೊಂದರಲ್ಲಿ ಪ್ರೋಟೀನ್ ಎಂದು ಬಂದರೆ ಎರಡು ಬಗೆಯ ಹಿಡಿಕೆ ಇದೆ ಎಂಬ ಗಟ್ಟಿ ಸುಳಿವು. ಇ. ಕೊಲೈಗಾದರೆ ಒಂದೊಂದೇ ಜೀನ್ ತೆಗೆದ 3,985 ತಳಿಗಳ ಕೀಯೊ ಸಂಗ್ರಹದಿಂದ ಅನುಮಾನವಿರುವ ನಾಲ್ಕಾರನ್ನು ತರಿಸಿ ಹನಿ ಇಟ್ಟು ನೋಡಬಹುದು.

## ಮೈಕ್ರೊಸ್ಕೋಪು, ಜೀನೋಮ್

ಎಲೆಕ್ಟ್ರಾನ್ ಮೈಕ್ರೊಸ್ಕೋಪಲ್ಲಿ ಬರೀ ಕಸ ಕಾಣ್ತಿದೆ. ಮಯೊವಿರಿಡೆ ಅಂತ ಹಾಕಬಹುದಾ?

ಕಸ ಕಾಣುವುದು ಬ್ರಾತ್‌ನ ಪ್ರೋಟೀನ್, ಒಡೆದ ಬ್ಯಾಕ್ಟೀರಿಯಾದ ಚೂರುಗಳಿಂದ. ಪಿಇಜಿ 8000 ಶೇಕಡ 10, ಉಪ್ಪು 1 ಮೋಲಾರ್ ಹಾಕಿ ರಾತ್ರಿ 4 ಡಿಗ್ರಿಯಲ್ಲಿಟ್ಟು, 11,000 ಜಿಯಲ್ಲಿ ಇಳಿಸಿ, ಸಾಧ್ಯವಾದರೆ ಸೀಸಿಯಂ ಕ್ಲೋರೈಡ್ ಪದರಗಳಲ್ಲಿ ಶುದ್ಧ ಮಾಡಿ. ಮಿ.ಲೀ.ಗೆ 10⁹ಕ್ಕಿಂತ ಕಡಿಮೆ ಇದ್ದರೆ ಗ್ರಿಡ್ ಮೇಲೆ ಹುಡುಕುತ್ತಲೇ ಕೂರಬೇಕಾಗುತ್ತದೆ. ಬಣ್ಣಕ್ಕೆ 2 ಶೇಕಡ ಯುರೇನೈಲ್ ಅಸಿಟೇಟ್.

ಹೆಸರಿನ ವಿಷಯ: ಮಯೊವಿರಿಡೆ, ಸೈಫೊವಿರಿಡೆ, ಪೊಡೊವಿರಿಡೆ ಕುಟುಂಬಗಳನ್ನು 2022ರಲ್ಲಿ ಅಂತರರಾಷ್ಟ್ರೀಯ ವೈರಸ್ ವರ್ಗೀಕರಣ ಸಮಿತಿ ರದ್ದು ಮಾಡಿದೆ. ಬಾಲದ ಆಕಾರ ವರ್ಣಿಸಲು ಮಯೊ, ಸೈಫೊ, ಪೊಡೊ ಎನ್ನಬಹುದು. ಕುಟುಂಬ ಹೇಳಲು ಜೀನೋಮ್ ಬೇಕು. ಈಗಿನ ಗೆರೆ: 95 ಶೇಕಡಕ್ಕಿಂತ ಹೆಚ್ಚು ಹೋಲಿಕೆ ಇದ್ದರೆ ಒಂದೇ ಪ್ರಭೇದ, 70ಕ್ಕಿಂತ ಹೆಚ್ಚಿದ್ದರೆ ಒಂದೇ ಕುಲ.

ಫೇಜ್ ಡಿಎನ್‌ಎ ಚೆನ್ನಾಗಿ ಬಂದಿದೆ, ಇಕೋಆರ್‌ಐ ಕತ್ತರಿಸ್ತಾನೇ ಇಲ್ಲ.

ಇಕೋಆರ್‌ಐ ಎಂಬ ಈ ರೆಸ್ಟ್ರಿಕ್ಷನ್ ಕಿಣ್ವ ಹಾಳಾಗಿದೆಯೇ ಎಂದು ಲ್ಯಾಮ್ಡಾ ಫೇಜ್‌ನ ಡಿಎನ್‌ಎ ಮೇಲೆ ನೋಡಿ. ಅದನ್ನು ಕತ್ತರಿಸಿದರೆ ನಿಮ್ಮ ಫೇಜ್‌ನ ಬೇಸ್‌ಗಳೇ ಬದಲಾಗಿರಬಹುದು. ಟಿ4 ಫೇಜ್ ತನ್ನ ಸೈಟೊಸಿನ್‌ಗಳಿಗೆಲ್ಲ ಗ್ಲೂಕೋಸ್ ಅಂಟಿಸಿಕೊಂಡಿರುತ್ತದೆ, ಹೆಚ್ಚಿನ ಕಿಣ್ವಗಳು ಅದರ ಮೇಲೆ ಸೋಲುತ್ತವೆ. ಕತ್ತರಿಸುವ ಜಾಗದ ಗುರುತಿನಲ್ಲಿ ಸೈಟೊಸಿನ್ ಇಲ್ಲದ ಡಿಆರ್‌ಎಐ, ಎಸ್‌ಎಸ್‌ಪಿಐ ಕಿಣ್ವಗಳನ್ನು ಬಳಸಿ. ಬೇರೆ ಬೇರೆ ಹೋಸ್ಟ್‌ಗಳ ಕಿಣ್ವಗಳಿಂದ ಪಾರಾಗಲು ಇಂಥ ವೇಷ ಫೇಜ್‌ಗೆ ನೆರವಾಗುತ್ತದೆ, ಹಾಗಾಗಿ ಕತ್ತರಿಸದಿರುವುದೂ ಒಂದು ಫಲಿತಾಂಶವೇ.

ಸೀಕ್ವೆನ್ಸ್ ಮಾಡಿಸಿದ ಮೇಲೆ ಏನೇನು ನೋಡಬೇಕು?

ಮಾಡಿಸುವ ಮುಂಚೆ: ಫೇಜ್‌ನ ಪ್ರೋಟೀನ್ ಕವಚ ಒಡೆಯುವ ಮೊದಲು ಡಿಎನ್‌ಏಸ್ ಹಾಕಿ ಹೋಸ್ಟ್‌ನ ಡಿಎನ್‌ಎ ತೆಗೆದು, ಆಮೇಲೆ ಇಡಿಟಿಎ ಹಾಕಿ ಕಾಯಿಸಿ ಆ ಕಿಣ್ವವನ್ನು ನಿಲ್ಲಿಸಿ. 16ಎಸ್ ಪಿಸಿಆರ್‌ನಲ್ಲಿ ಗೆರೆ ಬರಬಾರದು. ಓದು 100 ಪಟ್ಟು (ಜೀನೋಮ್‌ನ ಪ್ರತಿ ಅಕ್ಷರ ಸರಾಸರಿ 100 ಸಲ) ಸಾಕು. ಸಾವಿರಾರು ಪಟ್ಟು ಓದಿದ ದತ್ತಾಂಶ ಹಾಗೇ ಜೋಡಿಸಿದರೆ ಜೀನೋಮ್ ಚೂರುಚೂರಾಗಿ ಬರುತ್ತದೆ.

ಚಿಕಿತ್ಸೆಗೋ ಆಹಾರ ಸುರಕ್ಷತೆಗೋ ಬಳಸುವ ಉದ್ದೇಶವಿದ್ದರೆ ಇಂಟಿಗ್ರೇಸ್ (ಫೇಜ್ ಹೋಸ್ಟ್‌ನ ಜೀನೋಮ್‌ನಲ್ಲಿ ಸೇರಿಕೊಳ್ಳಲು ಬಳಸುವ ಕಿಣ್ವ), ಆ್ಯಂಟಿಬಯಾಟಿಕ್ ನಿರೋಧಕ ಜೀನ್, ವಿಷದ ಜೀನ್ ಇರಬಾರದು. ಬಹುಹೋಸ್ಟ್ ಫೇಜ್‌ನಲ್ಲಿ ಈ ಎಚ್ಚರಿಕೆ ಇಮ್ಮಡಿ ಬೇಕು. ಇ. ಕೊಲೈಯ ಹೊರಗೂ ತಗಲುವ ಪಿ1 ಫೇಜ್ ಬ್ಯಾಕ್ಟೀರಿಯಾದ ಜೀನ್‌ಗಳನ್ನು ಹೊತ್ತೊಯ್ಯುವುದರಲ್ಲಿ ಹೆಸರುವಾಸಿ. ಲ್ಯಾಬ್‌ನಲ್ಲಿ ಅದು ಉಪಕರಣ, ರೋಗಿಯ ಮೈಯಲ್ಲಿ ಅದೇ ಗುಣ ಅಪಾಯ.

ಕೊನೆಗೆ, ಹೆಚ್ಚಿನವರು ಬಿಟ್ಟುಬಿಡುವ ಒಂದು ಕೆಲಸ: ಫೇಜನ್ನು ಮೊದಲ ಹೋಸ್ಟ್ ಮೇಲೆ ಬೆಳೆಸಿದ ದ್ರವ, ಎರಡನೆಯದರ ಮೇಲೆ ಬೆಳೆಸಿದ ದ್ರವ, ಎರಡನ್ನೂ ಬೇರೆ ಬೇರೆಯಾಗಿ ಓದಿಸಿ ಅಕ್ಷರಕ್ಕೆ ಅಕ್ಷರ ಹೋಲಿಸಿ. ಎರಡೂ ಒಂದೇ ಆಗಿ ಬಂದರೆ ಬಹುಹೋಸ್ಟ್ ಎಂಬ ಮಾತು ನಿಲ್ಲುತ್ತದೆ. ಬಾಲದ ನಾರಿನ ಜೀನ್‌ನಲ್ಲಿ ಒಂದೇ ಅಕ್ಷರ ಬದಲಾಗಿದ್ದರೂ ನಿಮ್ಮ ಕೈಯಲ್ಲಿರುವುದು ಎರಡು ಫೇಜ್: ಒಂದು ಮೂಲದ್ದು, ಇನ್ನೊಂದು ನಿಮ್ಮ ಫ್ಲಾಸ್ಕಿನಲ್ಲೇ ಹುಟ್ಟಿದ್ದು. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು, ಬೇರೆ ಬೇರೆ ಟ್ಯೂಬಿನಲ್ಲಿ ಮೈನಸ್ 80ಕ್ಕೆ ಸೇರಿಸಿ.